ಶೇ. 10ರ ಒಳಗೆ ಎಲ್ಲರೂ ಸಾಚಾ

ಹತ್ತು ಪರ್ಸೆಂಟ್, ನಲವತ್ತು ಪರ್ಸೆಂಟ್ ಅಂದರೆ ಕರ್ನಾಟಕದ ಮತದಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಚುನಾವಣೆಗಳಲ್ಲಿ ಪಾಠ ಆಗಿದೆ. ಇವತ್ತಿನ ವಿಷಯ ಮಾತ್ರ ಕಂಟ್ರಾಕ್ಟರುಗಳದ್ದಲ್ಲ, ಪಿಎಚ್.ಡಿ.ಗಳದ್ದು. ಕೃತಿಚೌರ್ಯ ತಡೆಯಲೆಂದು ವಿಶ್ವವಿದ್ಯಾಲಯಗಳ ಮೇಲಿನ ಯುಜಿಸಿ 2018ರಲ್ಲಿ ತಂದ ನಿಯಮಾವಳಿಯಲ್ಲೂ ಇವೇ ಅಂಕಿಗಳಿವೆ. ಪ್ರಬಂಧಕ್ಕೂ ಬೇರೆಯವರ ಬರಹಕ್ಕೂ ಯಂತ್ರ ಪತ್ತೆಹಚ್ಚಿದ ಹೋಲಿಕೆ ಶೇ. 10ರವರೆಗಿದ್ದರೆ ದಂಡವಿಲ್ಲ. ಅಲ್ಲಿಂದ 40ರವರೆಗೆ, ತಿದ್ದಿಕೊಂಡು ಆರು ತಿಂಗಳೊಳಗೆ ಬನ್ನಿ. 60ರವರೆಗೆ, ಒಂದು ವರ್ಷ ಹೊರಗಿರಿ. ಅದನ್ನೂ ದಾಟಿದರೆ ನೋಂದಣಿ ರದ್ದು.

ಮೊದಲ ಹತ್ತನ್ನು ನಮ್ಮ ಸ್ಕಾಲರುಗಳು ರೇಷನ್ ಎಂದೇ ತಿಳಿದಿದ್ದಾರೆ. ಸರ್ಕಾರ ಕೊಟ್ಟ ಪಾಲನ್ನು ಬಿಟ್ಟು ಬರುವವರುಂಟೇ? ಏಳು ಪರ್ಸೆಂಟ್ ಬಂದವನಿಗೆ ಮೂರು ಸುಮ್ಮನೆ ಹೋಯಿತಲ್ಲ ಎಂಬ ಸಂಕಟ. ಹೆಚ್ಚಿಗೆ ಬಂದವರಿಗೆ ಯೂನಿವರ್ಸಿಟಿ ಗೇಟಿನೆದುರು ಡಿಟಿಪಿ ಅಂಗಡಿ ಇದೆ.

"ಎಷ್ಟು ಬಂದಿದೆ ಸಾರ್?"

"ಮೂವತ್ತೆಂಟಪ್ಪ."

"ಎಂಟಕ್ಕೆ ಇಳಿಸ್ಕೊಡ್ತೀನಿ. ಸಂಜೆ ಬನ್ನಿ."

ಗೈಡು ಐದು ವರ್ಷದಲ್ಲಿ ಓದದ ಥೀಸಿಸ್ಸನ್ನು ಅಂಗಡಿಯ ಈ ಹುಡುಗ ಒಂದು ಮಧ್ಯಾಹ್ನದಲ್ಲಿ ಓದುತ್ತಾನೆ. ಓದುವುದೂ ಇಲ್ಲ ಅನ್ನಿ, ಪದಕ್ಕೊಂದು ಪರ್ಯಾಯ ಪದ ಹಾಕುವ ತಂತ್ರಾಂಶಕ್ಕೆ ತುರುಕುತ್ತಾನೆ. ಇದರ ಫಲವನ್ನು 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತವರ ಸಂಗಡಿಗರು ವಿಜ್ಞಾನ ಪತ್ರಿಕೆಗಳಿಂದಲೇ ಹೆಕ್ಕಿ ತೋರಿಸಿದರು. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಹೋಗಿ 'ಕೌಂಟರ್‌ಫೀಟ್ ಕಾನ್ಷಸ್‌ನೆಸ್' ಆಗಿತ್ತು, ಅಂದರೆ ಖೋಟಾ ಪ್ರಜ್ಞೆ. ಹೋಲಿಕೆ ಸೊನ್ನೆ, ಅರ್ಥವೂ ಸೊನ್ನೆ. ಸಂಪಾದಕರು ಪಾಸು ಮಾಡಿದ್ದರು.

ಕನ್ನಡದಲ್ಲಿ ಬರೆಯುವವರಿಗೆ ಅಷ್ಟು ಪಾಡೂ ಇಲ್ಲ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲದ, ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪಾದ ಪ್ರಬಂಧ ಯಂತ್ರದ ಕಣ್ಣಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನು ಯಾವುದರ ಜೊತೆ ಹೋಲಿಸುತ್ತೀರಿ? ಇಂಗ್ಲಿಷ್ ಪುಸ್ತಕದ ಇಡೀ ಅಧ್ಯಾಯವನ್ನು ಕನ್ನಡಕ್ಕೆ ಇಳಿಸಿ ಕೆಳಗೆ ಸಹಿ ಹಾಕಿದವನೂ ಅಪ್ಪಟ ಮೌಲಿಕ ಚಿಂತಕ.

ಆದರೂ ಇವರೆಲ್ಲ ಪಾಪದವರು, ಯಾರೋ ಮಾಡಿದ ಕೆಲಸವನ್ನಾದರೂ ಕದ್ದರು. ಜಾಣರು ಕದಿಯುವುದೇ ಇಲ್ಲ, ಹುಟ್ಟಿಸುತ್ತಾರೆ. ಐದು ತಾಲ್ಲೂಕುಗಳ ಐನೂರು ರೈತ ಕುಟುಂಬಗಳ ಸರ್ವೆ ಹಾಸ್ಟೆಲ್ ರೂಮಿನ ಮಂಚದ ಮೇಲೆ ಎರಡೇ ರಾತ್ರಿಯಲ್ಲಿ ಮುಗಿಯುತ್ತದೆ. ಉತ್ತರ ಬರೆದವರಾರೂ ಭೂಮಿಯ ಮೇಲೆ ಇಲ್ಲದ್ದರಿಂದ ಅದನ್ನು ಇನ್ನೊಬ್ಬರು ಬರೆದಿರುವ ಸಂಭವವೂ ಇಲ್ಲ. ಯಂತ್ರ ಖುಷಿಯಿಂದ ಸರ್ಟಿಫಿಕೇಟ್ ಕೊಡುತ್ತದೆ. 2018ರ ದಂಡದ ಪಟ್ಟಿಯೂ ಕದ್ದವರಿಗೆ ಮಾತ್ರ. ಅಂಕಿಅಂಶ ಸೃಷ್ಟಿಸಿದವರಿಗೆ ಅದರಲ್ಲಿ ಪರ್ಸೆಂಟೇ ಇಲ್ಲ.

ಯಾರೋ ಕೆಲಸವಿಲ್ಲದವರು ದೂರು ಕೊಟ್ಟರು ಅನ್ನಿ. ಮೊದಲು ವಿಭಾಗದ ಸಮಿತಿ, ಅದಕ್ಕೆ 45 ದಿನ. ಆಮೇಲೆ ಸಂಸ್ಥೆಯ ಸಮಿತಿ, ಅದಕ್ಕೂ 45 ದಿನ. ವಿಭಾಗದ ಸಮಿತಿಗೆ ವಿಭಾಗದ ಮುಖ್ಯಸ್ಥರೇ ಅಧ್ಯಕ್ಷರು. ಸಿಕ್ಕಿಬಿದ್ದವನಿಗೆ ಗೈಡೂ ಅವರೇ ಆಗಿದ್ದರೆ ಹೊಸದಾಗಿ ಪರಿಚಯ ಮಾಡಿಕೊಳ್ಳುವ ಶ್ರಮ ಉಳಿಯಿತು. ಒಂದು ಚಹಾ, ಎರಡು ಬಿಸ್ಕತ್ತು, "ನಮ್ಮ ಹುಡುಗನೇ ಕಣ್ರೀ, ಭವಿಷ್ಯ ಹಾಳಾಗಬಾರದು" ಎಂಬ ಕರುಣೆ.

ಹುಡುಗನ ಭವಿಷ್ಯ ಹಾಳಾದರೂ ಮೇಷ್ಟ್ರದ್ದು ಭದ್ರ. ಶೇ. 60 ದಾಟಿ ಕದ್ದ ವಿದ್ಯಾರ್ಥಿ ಮನೆಗೆ ಹೋಗಬೇಕು. ಅಷ್ಟೇ ಕದ್ದ ಅಧ್ಯಾಪಕರು ಮೊದಲ ಸಲಕ್ಕೆ ಪ್ರಬಂಧ ಹಿಂಪಡೆದು ಎರಡು ಇನ್‌ಕ್ರಿಮೆಂಟ್ ಬಿಡಬೇಕು, ಮೂರು ವರ್ಷ ಹೊಸ ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಕೊನೆಯದನ್ನು ಶಿಕ್ಷೆ ಎಂದು ಬರೆದವರು ನಮ್ಮ ಗೈಡುಗಳನ್ನು ಒಂದು ಮಾತು ಕೇಳಬೇಕಿತ್ತು. ಪಾಪ, ಕೆಲಸ ಉಳಿಯಿತೆಂದು ಗೈಡುಗಳು ಸಂತೋಷಪಡುವುದನ್ನು ಅಪರಾಧವೆಂದು ತಿಳಿಯಲಾಗದು.

ಇತ್ತೀಚೆಗೆ ಮಾತ್ರ ಒಂದು ಗಾಬರಿ ಹುಟ್ಟಿದೆ. ಪತ್ರಿಕೆಗಳಿಂದ ವಾಪಸ್ ಪಡೆದ ಪ್ರಬಂಧಗಳಿಗೆ, ಕೇಂದ್ರ ಸರ್ಕಾರ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ 2025ರಿಂದ ಅಂಕ ಕಡಿತ ಶುರುವಾಗಿದೆ. ಪ್ರಬಂಧ ತಪ್ಪೆಂದು ಗೊತ್ತಿದ್ದೂ ಹಾಗೇ ಬಿಟ್ಟರೆ ಕಡಿತವಿಲ್ಲ. ಇಷ್ಟು ಸ್ಪಷ್ಟವಾದ ಸೂಚನೆಯನ್ನು ನಮ್ಮ ಆಡಳಿತಗಾರರು ಅರ್ಥ ಮಾಡಿಕೊಳ್ಳದೆ ಇರುತ್ತಾರೆಯೇ?

"ಸಾರ್, ಆ ಪೇಪರಿನ ಗ್ರಾಫು ಫೋಟೋಶಾಪಿನದ್ದಂತೆ. ವಾಪಸ್ ತಗೊಳ್ಳೋಣವೇ?"

"ರ‍್ಯಾಂಕಿಂಗ್ ಬರಲಿ ತಾಳ್ರೀ."