ಕಪ್ಪತಗುಡ್ಡದ ಹುಲ್ಲು ಸುಡಬಹುದೇ? ಸತ್ಯಾಂಶ

"ಬೇಸಿಗೆಗೆ ಮೊದಲು ಕಪ್ಪತಗುಡ್ಡದ ಒಣಹುಲ್ಲಿಗೆ ಯಾರು ಬೇಕಾದರೂ ಬೆಂಕಿ ಹಚ್ಚಬಹುದು, ಅರಣ್ಯ ಇಲಾಖೆಯವರೇ ಸುಡುತ್ತಾರೆ" ಎಂಬ ಸಂದೇಶ ಗದಗ ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸುಳ್ಳು.

ಇಲಾಖೆಯವರು ಸುಡುವುದು ನಿಜ, ಆದರೆ ಗುಡ್ಡವನ್ನಲ್ಲ. ಬೇಸಿಗೆಗೆ ಮುಂಚೆ ಕಾಡಿನ ಅಂಚಿನಲ್ಲಿ, ದಾರಿಯ ಪಕ್ಕದಲ್ಲಿ ಪಟ್ಟಿಯಂತೆ ಹುಲ್ಲು ಕೊಯ್ದು, ಕಾವಲು ನಿಂತು ಸುಡುತ್ತಾರೆ. ಇದೇ ಬೆಂಕಿರೇಖೆ. ಹಬ್ಬಿ ಬಂದ ಬೆಂಕಿ ಅಲ್ಲಿ ಸುಡಲು ಏನೂ ಸಿಗದೆ ನಿಲ್ಲಲಿ ಎಂಬುದು ಲೆಕ್ಕ. ಒಬ್ಬರೇ ಕಡ್ಡಿ ಗೀರಿ ಮನೆಗೆ ಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅದಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ನಿಷೇಧಿಸುತ್ತದೆ. ಸುಟ್ಟರೆ ಹುಲ್ಲು ಚಲೋ ಚಿಗುರುತ್ತದೆ ಎನ್ನುವವರ ಮಾತು ಪೂರ್ತಿ ಸುಳ್ಳೇನಲ್ಲ, ಚಿಗುರುತ್ತದೆ. ಜೊತೆಗೆ ಔಷಧಿ ಸಸ್ಯಗಳ ಸಸಿ, ನೆಲದ ಮೇಲಿನ ಹಕ್ಕಿಗೂಡು ಬೂದಿಯಾಗುತ್ತವೆ, ಬೋಳು ಇಳಿಜಾರಿನ ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ.

ಊರೊಳಗಿನ ಖಾಲಿ ಸೈಟಿನಲ್ಲಿ ಗಿಡಗಂಟಿ ಬೆಳೆದಿದ್ದರೆ ಕಡಿಸಿ ಸಾಗಿಸುವುದು ಮಾಲೀಕರ ಹೊಣೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಗುಡ್ಡದಲ್ಲಿ ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ, ಊರಲ್ಲಾದರೆ 112ಕ್ಕೆ ಕರೆ ಮಾಡಿ.