ಸ್ಪಷ್ಟನೆ: ಹಣ ಕೊಟ್ಟು ರೋಗ ಹಚ್ಚುತ್ತಾರೆಂಬ ಧ್ವನಿ ಸಂದೇಶ ಸುಳ್ಳು

‘ಗುಪ್ತರೋಗದ ಸಂಶೋಧನೆಗೆ ಸೇರಿದರೆ ಹಣ ಕೊಟ್ಟು ರೋಗದ ಸೂಜಿ ಚುಚ್ಚುತ್ತಾರೆ, ಬಾಟಲಿಗಟ್ಟಲೆ ರಕ್ತ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿದ ಮೇಲೆ ಬಿಡುವಂತಿಲ್ಲ’ ಎಂಬ ಧ್ವನಿ ಸಂದೇಶ ಕಲಬುರಗಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ.

ಇದರಲ್ಲಿ ನಿಜ ಇರುವುದು ಹಣದ ಮಾತಿನಲ್ಲಿ ಮಾತ್ರ, ಅದೂ ಅರ್ಧ. ಚಿಂಚೋಳಿಯಿಂದಲೋ ಸೇಡಂನಿಂದಲೋ ಕೂಲಿ ಬಿಟ್ಟು ಬಂದವರಿಗೆ ಬಸ್ ಚಾರ್ಜು, ಆ ದಿನದ ಕೂಲಿ ಕೊಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲೇ ಅವಕಾಶವಿದೆ. ಆಮಿಷವೆನಿಸುವಷ್ಟು ಕೊಡುವಂತಿಲ್ಲ. ಗುಪ್ತರೋಗಗಳಲ್ಲಿ ಒಂದಾದ ಸಿಫಿಲಿಸ್ ಪರೀಕ್ಷೆಗೆ ತೆಗೆಯುವ ರಕ್ತ ಸುಮಾರು ಐದು ಮಿಲಿಲೀಟರ್, ಅಂದರೆ ಒಂದು ಚಹಾ ಚಮಚದಷ್ಟು.

ಹೆಬ್ಬೆಟ್ಟಿನ ಭಯ ಹಳೆಯದು. ಸಾಲದ ಪತ್ರ ಕಂಡ ಊರು ನಮ್ಮದು. ಆದರೆ ಸಂಶೋಧನೆಯ ಒಪ್ಪಿಗೆ ಪತ್ರ ಸಾಲದ ಪತ್ರವಲ್ಲ. ಓದು ಬಾರದವರಿಗೆ ಸಂಶೋಧಕರ ಕಡೆಯವರಲ್ಲದ ಸಾಕ್ಷಿಯೊಬ್ಬರ ಎದುರು ಅವರ ಭಾಷೆಯಲ್ಲೇ ಓದಿ ಹೇಳಬೇಕು. ಒಪ್ಪಿದವರು ಮರುದಿನವೇ, ಕಾರಣ ಹೇಳದೆಯೂ, ಹೊರಬರಬಹುದು. ಬೇಡವೆಂದರೂ ಗುಪ್ತರೋಗಕ್ಕೆಂದೇ ಇರುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ನ ಉಚಿತ ಚಿಕಿತ್ಸೆ ನಿಲ್ಲುವುದಿಲ್ಲ. ದಾಖಲೆಯಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಇರುತ್ತದೆ.

ಸಂದೇಹ ಹುಟ್ಟಲು, ಸಂಶೋಧನೆಗೆ ಜನರನ್ನು ಕರೆಯುವ ಕೆಲಸದಲ್ಲಿರುವ ನಾವೂ ಕಾರಣ. ಬಸ್ ನಿಲ್ದಾಣದ ಮೂಲೆಯಲ್ಲಿ ಕಿವಿಯಲ್ಲಿ ಪಿಸುಗುಟ್ಟಿ ಕರೆದರೆ ಯಾರು ನಂಬುತ್ತಾರೆ? ಯಾರಾದರೂ ಔಷಧಿ ಪ್ರಯೋಗಕ್ಕೆ ಕರೆದರೆ ಮೊದಲು ಸಿಟಿಆರ್‌ಐ, ಅಂದರೆ ದೇಶದ ಔಷಧಿ ಪ್ರಯೋಗಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿಯ ನೋಂದಣಿ ಸಂಖ್ಯೆ ಕೇಳಿ. 2009ರ ಜೂನ್ 15ರಿಂದ ಆ ನೋಂದಣಿ ಕಡ್ಡಾಯ. ತಡವರಿಸಿದರೆ ಎದ್ದು ಬನ್ನಿ.