ಗೋಡೆಗೆ ಹಾಕುವ ಹೂವಲ್ಲ, ಗೆಸ್ನರ್ ಗೀಚಿದ ಹಾಳೆಗಳು

ಹಳೇ ಕಾಲದ ಹೂವಿನ ಚಿತ್ರ ಅಂದರೆ ಜಾಸ್ತಿ ಜನ ಹಂಚಿಕೊಳ್ಳುವುದು 1613ರ ‘ಹೋರ್ಟಸ್ ಐಸ್ಟೆಟೆನ್ಸಿಸ್’ ಪುಟಗಳನ್ನು. ದೊಡ್ಡ ದೊಡ್ಡ ಹಾಳೆ, ತಾಮ್ರದ ತಗಡಿನಲ್ಲಿ ಕೊರೆದ ಅಚ್ಚು, ಕೈಯಲ್ಲಿ ತುಂಬಿದ ಬಣ್ಣ. ಚೆಂದವೇ, ಇಲ್ಲ ಅನ್ನಲ್ಲ. ಆದರೆ ಅದು ಬಿಷಪ್ ಒಬ್ಬರ ತೋಟದ ಪುಸ್ತಕ. ಆಲ್ಪ್ಸ್ ಬೆಟ್ಟದ ಹೂವು ಅಂದಾಗ ನನಗೆ ನೆನಪಾಗುವುದು ಅದಕ್ಕೂ ಅರ್ಧ ಶತಮಾನ ಹಿಂದಿನ ಕಾನ್ರಾಡ್ ಗೆಸ್ನರ್ ಅವರ ಹಾಳೆಗಳು. ಹಾಳೆ ತುಂಬಾ ಟಿಪ್ಪಣಿ, ಗೀಚಾಟ. ನನ್ನ ಪ್ರಕಾರ ಇವೇ ಹೆಚ್ಚಿನವು.

ಗೆಸ್ನರ್ ಜ್ಯೂರಿಕ್‌ನ ವೈದ್ಯರು. ವರ್ಷಕ್ಕೆ ಒಂದಾದರೂ ಬೆಟ್ಟ ಹತ್ತುತ್ತೇನೆ, ಅದೂ ಗಿಡಗಳು ಹೂ ಬಿಟ್ಟಿರುವಾಗ ಅಂತ 1541ರಲ್ಲೇ ಗೆಳೆಯರೊಬ್ಬರಿಗೆ ಬರೆದಿದ್ದರು. 1555ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಬೆಟ್ಟ ಹತ್ತಿದರು. ಆ ಎತ್ತರದಲ್ಲಿ ಬೇಸಿಗೆ ತುಂಬಾ ಚಿಕ್ಕದು. ಸೋಲ್ಡನೆಲ್ಲಾ ಅಂತ ಒಂದು ಪುಟ್ಟ ಗಿಡವಿದೆ. ಅಂಚು ಸೀಳಿದ ನೇರಳೆ ಗಂಟೆಯಂಥ ಹೂ. ಹಿಮ ಕರಗುತ್ತಿರುವ ಜಾಗದಲ್ಲೇ ಅರಳುತ್ತದೆ. ಸ್ವಲ್ಪ ತಡವಾಗಿ ಹೋದರೆ ಹೂ ಇಲ್ಲ, ಬೇಗ ಹೋದರೆ ಬೀಜ ಇಲ್ಲ.

ಗೆಸ್ನರ್ ಹಾಳೆಗಳನ್ನು ಹತ್ತಿರದಿಂದ ನೋಡಿ. ನಡುವೆ ಬೇರು ಸಮೇತ ಗಿಡ. ಸುತ್ತ ಸಿಕ್ಕ ಜಾಗದಲ್ಲೆಲ್ಲ ಬಿಡಿ ಹೂ, ಕಾಯಿ, ಬೀಜ. ಕೆಲವನ್ನು ಬೇಕಂತಲೇ ದೊಡ್ಡದಾಗಿ ಬರೆದಿದ್ದಾರೆ. ಉಳಿದ ಕಡೆಯೆಲ್ಲ ಸಣ್ಣ ಅಕ್ಷರದ ಟಿಪ್ಪಣಿ. ಗಿಡಗಳ ನೆಂಟಸ್ತಿಕೆ ತಿಳಿಯಬೇಕಾದರೆ ಎಲೆಗಿಂತ ಹೂ, ಕಾಯಿ, ಬೀಜ ನೋಡಬೇಕು ಅನ್ನುವುದು ಅವರ ನಂಬಿಕೆ. ಅದಕ್ಕೇ ಆ ಬಿಡಿ ಚಿತ್ರಗಳು, ಸುಮ್ನೆ ಅಲಂಕಾರಕ್ಕಲ್ಲ.

ಎಲೆಯ ಆಕಾರ ಮಾತ್ರ ನಂಬಿದರೆ ಏನಾಗುತ್ತದೆ ಗೊತ್ತಾ? ಹಳದಿ ಜೆಂಷನ್ ಗಿಡದ ಕಹಿ ಬೇರು ಹಳೇ ಕಾಲದಿಂದ ಔಷಧಿ. ಅದೇ ಹುಲ್ಲುಗಾವಲಲ್ಲಿ ಬೆಳೆಯುವ ವೆರಾಟ್ರಮ್ ವಿಷ. ಹೂ ಬಿಡುವ ಮೊದಲು ಎರಡೂ ಒಂದೇ ಥರ ಕಾಣುತ್ತವೆ. ಜೆಂಷನ್ನಿನ ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ, ವೆರಾಟ್ರಮ್ಮಿನದು ಒಂದು ಬಿಟ್ಟು ಒಂದು. ಚಿತ್ರ ಬರೆಯುವವರು ಇಷ್ಟನ್ನು ತಪ್ಪಿದರೆ, ಅದನ್ನು ನಂಬಿ ಬೇರು ಕಿತ್ತವರ ಪ್ರಾಣಕ್ಕೇ ಸಂಚಕಾರ.

ಆಸ್ಟ್ರಿಯಾದ ಬೆಟ್ಟಗಳನ್ನು ಸುತ್ತಿದ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಅವರ ಪುಸ್ತಕ 1583ರಲ್ಲಿ ಆಂಟ್‌ವರ್ಪ್‌ನ ಪ್ಲಾಂಟಿನ್ ಮುದ್ರಣಾಲಯದಿಂದ ಬಂತು. ಅದರ ಮರದಚ್ಚಿನ ಚಿತ್ರಗಳೂ ನನಗಿಷ್ಟ. ಆದರೆ ಮರದಚ್ಚಿನಲ್ಲಿ ಬರುವುದು ಕಪ್ಪು ಗೆರೆ ಮಾತ್ರ. ಬೇರೆ ಕೆಲವು ಜಾತಿಯ ಜೆಂಷನ್ ಹೂಗಳ ಆ ಗಾಢ ನೀಲಿಯನ್ನು ಮಾತಲ್ಲೇ ಹೇಳಬೇಕು.

ಗೆಸ್ನರ್ ಬದುಕಿದ್ದಾಗ ಈ ಗಿಡದ ಚಿತ್ರಗಳಿಗೆ ಅಚ್ಚಿನ ಭಾಗ್ಯವೂ ಸಿಗಲಿಲ್ಲ. 1565ರಲ್ಲಿ ಪ್ಲೇಗ್ ಬಂದು ತೀರಿಕೊಂಡರು. ಸುಮಾರು 1500 ಚಿತ್ರ ಹಾಗೇ ಉಳಿದವು. ಅವನ್ನು ಕೊಂಡ ಜರ್ಮನಿಯ ವೈದ್ಯ ಕಮೆರಾರಿಯಸ್ ಕೆಲವನ್ನು 1586ರಲ್ಲಿ ಬೇರೆ ಪುಸ್ತಕಕ್ಕೆ ಬಳಸಿಕೊಂಡರು. ಗೆಸ್ನರ್ ಹೆಸರಲ್ಲಿ ಅವರ ಸಸ್ಯಗಳ ಕೆಲಸ ಅಚ್ಚಾಗಲು 1751ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಹೂವಿನ ಭಾಗಗಳನ್ನೇ ಹಿಡಿದು ಗಿಡಗಳನ್ನು ವಿಂಗಡಿಸಿ ಆಗಿತ್ತು. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಆ ಹಾಳೆಗಳು ಈಗ ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಮುಂದಿನ ಸಲ ಹಳೇ ಹೂವಿನ ಚಿತ್ರ ಹಂಚಿಕೊಳ್ಳುವಾಗ ಅವುಗಳಲ್ಲೊಂದನ್ನು ಹಾಕಿ. ದಯವಿಟ್ಟು ಅಂಚಿನ ಟಿಪ್ಪಣಿ ಕತ್ತರಿಸಬೇಡಿ.